ದಬ್ಬೇಘಟ್ಟದ ಮದುವೆಗೆ ಊದಿದ ಓಬೋ

ಟೌನ್ ಕ್ಲಬ್ಬಿನ ಅಧ್ಯಕ್ಷರಾದ ಗಂಗಾಧರಯ್ಯನವರೇ, ಅತಿಥಿಗಳೇ, ಕೊಬ್ಬರಿ ಹರಾಜು ಮುಗಿಸಿ ನೇರ ಇಲ್ಲಿಗೇ ಬಂದಿರುವ ಸಭಿಕರೇ,

ನಾನು ಕೊಟ್ಟ, ಒಂದು ವಾದ್ಯ ಮುಂದೆ ಮೇಳವೆಲ್ಲ ಹಿಂದೆ ನುಡಿಯುವ ಕನ್ಸರ್ಟೋ ರೆಕಾರ್ಡುಗಳಿಗೆಂದು ಇವತ್ತು ಒಂದು ಕೋಣೆಯನ್ನೇ ತೆರೆದಿದ್ದೀರಿ. ಕ್ಲಾರಿನೆಟ್ಟು, ಕೊಳಲು, ಬಸೂನು, ಓಬೋ, ಎಲ್ಲವೂ ಉಸಿರಿನ ವಾದ್ಯಗಳೇ. ಅಧ್ಯಕ್ಷರು ನನ್ನನ್ನು ಪಾಶ್ಚಾತ್ಯ ಸಂಗೀತದ ಪ್ರೌಢ ರಸಿಕರು ಎಂದರು. ತೂಕದಲ್ಲಿ ಸ್ವಲ್ಪ ಮೋಸವಿದೆ. ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ಈ ಹುಚ್ಚು ಎಲ್ಲಿಂದ ಹತ್ತಿತು?

ಹನ್ನೊಂದು ವರ್ಷದ ಹಿಂದೆ, ಎಪ್ಪತ್ಮೂರರಲ್ಲಿ, ಕೊಬ್ಬರಿಗೆ ಇಳಿಯುವ ಮುನ್ನ ನಾನು ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದೆ. ದಬ್ಬೇಘಟ್ಟದಲ್ಲಿ ನನ್ನದೇ ಮದುವೆ. ಮೈಕಿನ ಬಾಡಿಗೆ ಉಳಿಯಿತೆಂದು ಮಾವನವರಿಗಿಂತ ನನಗೇ ಹೆಚ್ಚು ಖುಷಿ. ಅಷ್ಟರಲ್ಲಿ, ಹುಳಿಯಾರಿನ ಓಲಗದವರ ಬಸ್ಸು ದಾರಿಯಲ್ಲೇ ಕೆಟ್ಟಿತೆಂದು ಸುದ್ದಿ ಬಂತು. ಮುಹೂರ್ತ ಮೀರುತ್ತಿತ್ತು. ಹುಡುಗಿ ಗಿರಿಜಾಂಬಿಕೆಯ ಅಜ್ಜಿ ಗುರುಸಿದ್ದಮ್ಮ, “ಓಲಗ ಇಲ್ದೆ ನನ್ ಮೊಮ್ಮಗಳಿಗೆ ತಾಳಿ ಕಟ್ಟಂಗಿಲ್ಲ ಕಣಪ್ಪ. ಬರೋ ವರ್ಷ ನೋಡನ” ಎಂದುಬಿಟ್ಟರು. ಬರುವ ವರ್ಷದವರೆಗೆ ಗಿರಿಜಾಂಬಿಕೆಯ ಸೋದರಮಾವನ ಮಗ ಸುಮ್ಮನಿರುತ್ತಿದ್ದನೇ? ಅವತ್ತು ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದ. ಇವತ್ತು ಈ ಸಭೆಯಲ್ಲೂ ಮುಂದಿನ ಸಾಲಿನಲ್ಲೇ ಇದ್ದಾರೆ, ಬೇಸರವಿಲ್ಲ.

ಹಳೆಯ ರೆಕಾರ್ಡುಗಳ ಗಂಟಿನ ಜೊತೆ ನನಗೊಂದು ಓಬೋ ಕನ್ಸರ್ಟೋ ಬಂದಿತ್ತು. ಓಬೋ ಎಂದರೆ ನಮ್ಮ ಓಲಗದ ದೂರದ ದಾಯಾದಿ. ದನಿಯಲ್ಲಿ ಅದೇ ಮೂಗು. ಬಾಸಿಂಗ ಕಟ್ಟಿಕೊಂಡೇ ಗೆಳೆಯ ಬೆಟ್ಟಸ್ವಾಮಿಗೆ ಸನ್ನೆ ಮಾಡಿದೆ. ಪರದೆಯ ಹಿಂದೆ ಅವನು ರೆಕಾರ್ಡು ಪೆಟ್ಟಿಗೆಯ ಸೂಜಿ ಇಳಿಸಿದ.

“ಯಾವೂರ ಮೇಳ್ದೋರ್ಲಾ?” ಎಂದರು ಅಜ್ಜಿ.

“ಬಲು ದೂರದೋರು ಕಣಜ್ಜಿ. ಪರದೆ ಹಿಂದೆ ಕುಂತವ್ರೆ” ಎಂದೆ.

“ಗಂಡಸ್ರಿಗೆ ಅದೇನ್ಲಾ ನಾಚ್ಕೆ? ಡೋಲೆಲ್ಲಿ?”

ಅಡುಗೆಯ ಭೈರಮ್ಮ ಎಣ್ಣೆ ಡಬ್ಬ ಬಡಿದರು. ಗಟ್ಟಿಮೇಳ ಎಂದೊಡನೆ ಬೆಟ್ಟಸ್ವಾಮಿ ರೆಕಾರ್ಡಿನ ವೇಗವನ್ನು ಮೂವತ್ಮೂರರಿಂದ ನಲವತ್ತೈದಕ್ಕೆ ತಿರುವಿದ. ಪಾಪ, ಆ ವಾದ್ಯಗಾರ ತನ್ನ ಜನ್ಮದಲ್ಲಿ ಅಷ್ಟು ಅವಸರವಾಗಿ ಊದಿರಲಾರ. ತಾಳಿ ಕಟ್ಟಿದೆ.

ಊಟದ ಹೊತ್ತಿಗೆ ಅಜ್ಜಿ ನೇರವಾಗಿ ಹೋಗಿ ಪರದೆ ಸರಿಸಿದರು. ಕಟ್ಟಿದ ತಾಳಿಯನ್ನೂ ಬಿಚ್ಚಿಸಬಲ್ಲ ಹೆಂಗಸು. ನಾನು ಎಲೆ ಬಿಟ್ಟು ಅವರ ಹಿಂದೆಯೇ ಓಡಿದೆ. ಅವರು ಪೆಟ್ಟಿಗೆಯನ್ನು ನೋಡಿದರು, ಅದರ ಮುಂದೆ ಎಲೆ ಹಾಕಿಸಿದರು, ಹೋಳಿಗೆ ಬಡಿಸಿ ವೀಳ್ಯವಿಟ್ಟರು.

“ಅಜ್ಜಿ, ಅದು ಬರೀ ಪೆಟ್ಗೆ” ಎಂದೆ.

“ಅಷ್ಟೂ ತಿಳ್ಯಲ್ವೇನ್ಲಾ ನಂಗೆ? ಊದೋನು ನಡುನಡುವೆ ಉಸ್ರು ಎಳ್ಕತಿದ್ದ, ಕೇಳುಸ್ತು. ಉಸ್ರಾಡೋನ್ಗೆ ಹಸ್ವಿರಕಿಲ್ವಾ? ಎಲ್ಲಿದ್ರೂ ಉಣ್ಲಿ ಬುಡು.”

ಆಮೇಲೆ ಆ ರೆಕಾರ್ಡನ್ನು ಸರಿಯಾದ ವೇಗದಲ್ಲಿ ಹಾಕಿ ಕೇಳಿದೆ. ಉಸಿರು ಇತ್ತು. ಇಂದಿಗೂ ನನಗೆ ರಾಗ ತಿಳಿಯದು. ಹೊಸ ರೆಕಾರ್ಡು ತಂದಾಗಲೆಲ್ಲ ಮೊದಲು ಹುಡುಕುವುದು ಆ ಉಸಿರನ್ನೇ.

ಈಗ ನೀವು ಕೇಳಲಿರುವುದು ಅದೇ ಓಬೋ. ಆತ ಉಸಿರೆಳೆಯುವ ಜಾಗದಲ್ಲಿ ದಯವಿಟ್ಟು ಯಾರೂ ಕೆಮ್ಮಬೇಡಿ. ನನ್ನ ಸಂಸಾರ ನಿಂತಿರುವುದು ಅದರ ಮೇಲೆ. ಇಷ್ಟು ಹೊತ್ತು ಸಹಿಸಿದ ನಿಮಗೂ, ಹನ್ನೊಂದು ವರ್ಷದಿಂದ ಸಹಿಸುತ್ತಿರುವ ಗಿರಿಜಾಂಬಿಕೆಗೂ ಧನ್ಯವಾದ ಹೇಳಿ, ಮೈಕನ್ನು ಆತನಿಗೆ ಬಿಡುತ್ತೇನೆ. ನಮಸ್ಕಾರ.