ಸ್ಕ್ರೂ ಮೇಲಿನ ಅರಿಶಿನ

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಿದ್ದ ಕದರಮ್ಮನ ಪಕ್ಕದಲ್ಲೇ ಟೈಲರ್ ಅಂಜನಮೂರ್ತಿ, ತೊಡೆಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು, ತುಕ್ಕು ಹಿಡಿದ ಸ್ಕ್ರೂವನ್ನು ತಿರುವುತ್ತಲೇ ಇದ್ದ.

"ಬುಡಿ ಅತ್ಲಾಗೆ, ಸ್ಕ್ರೂ ತಲೆ ಸವ್ದೋಯ್ತು. ತುಮಕೂರಲ್ಲಿ ಸತ್ಯಮಂಗಲದ ಲೇತ್ ಅಂಗ್ಡಿಯೋರು ಬಿಚ್ಕೊಡ್ತಾರೆ," ಎಂದಳು ಅವನ ಆಚೆ ಬದಿಗೆ ಕೂತಿದ್ದ ಅವನ ಹೆಂಡತಿ.

"ನಾಳೆ ಮದ್ವೆ ಹೆಣ್ಣಿನ ರವಿಕೆ ಕೊಡ್ಬೇಕು ಕಣೇ! ಒಳಗೆ ಸಿಕ್ಕಿರೋ ದಾರ ತೆಗೀದೆ ಹೆಂಗೆ ಹೊಲೀಲಿ? ಸೀಮೆಎಣ್ಣೆ ಬುಟ್ರೂ ಅಲ್ಲಾಡ್ತಿಲ್ಲ."

"ಅದೆಂಗೆ ತುಕ್ಕು ಹಿಡೀತೋ!"

"ಹೆಂಗಾ? ಶುಕ್ರವಾರ ಶುಕ್ರವಾರ ನೀರಲ್ಲಿ ಕಲ್ಸಿದ ಅರಿಶ್ನನ ಇದ್ರ ಮೇಲೇ ಬಳೀತಿದ್ದೋರು ಯಾರು?"

"ಅನ್ನ ಕೊಡೋ ಮಿಷನ್ನು. ಪೂಜೆ ಬುಡಕ್ಕಾಯ್ತದಾ?"

ಅವನು ಮತ್ತೆ ತಿರುವಿದ. ಸ್ಕ್ರೂ ಕದಲಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಮಿಷನ್ನಿನ ಇನ್ನೊಂದು ಬದಿಗೆ ಕೈಕೊಟ್ಟು ಎತ್ತುತ್ತಾ ಹೆಂಡತಿ ಹೇಳಿದ್ದು ಕದರಮ್ಮನ ಕಿವಿಗೆ ಬಿತ್ತು:

"ಆಯ್ತು ಬುಡಿ, ಇನ್ಮೇಲೆ ಎಣ್ಣೇಲಿ ಕಲ್ಸಿ ಹಚ್ತೀನಿ."