ಒಂದು ಜಗಳ ಆಗಲಿ, ಆಮೇಲೆ ಮನೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನು ಅಗಲಿದ ಸಿಸ್ಟರ್ ಅವರ ಯಜಮಾನರೇ, ಮಗಳೇ — ನಿಮ್ಮ ದುಃಖದಲ್ಲಿ ನಮಗೂ ಪಾಲು ಕೊಟ್ಟಿದ್ದೀರಿ, ಕೃತಜ್ಞತೆಗಳು. ನಾನು ಅವರ ವಾರ್ಡಿನ ಫಿಸಿಯೋಥೆರಪಿಸ್ಟ್. ಆಪರೇಷನ್ ಆದ ಹಿರಿಯರನ್ನು ನಡೆಸುವುದು ನನ್ನ ಕೆಲಸ. ಅವರನ್ನು ಯಾವಾಗ, ಹೇಗೆ ಮನೆಗೆ ಕಳಿಸಬೇಕೆಂದು ಏರ್ಪಾಟು ಮಾಡುವುದು ಸಿಸ್ಟರ್ ಕೆಲಸ. ನಾನು ನಡೆಸಿದವರನ್ನೆಲ್ಲ ಅವರು ತಡೆದು ನಿಲ್ಲಿಸುತ್ತಿದ್ದರು — ನಗಬಹುದು, ಪರವಾಗಿಲ್ಲ, ಅವರೂ ನಗುತ್ತಿದ್ದರು.

ಬೆನ್ನ ಹಿಂದೆ ನಾವು ಅವರನ್ನು ಜಗಳದ ಸಿಸ್ಟರ್ ಅನ್ನುತ್ತಿದ್ದೆವು. ಎದುರಿಗೂ ಅನ್ನುತ್ತಿದ್ದೆವು. ಯಾಕೆಂದರೆ ಅವರದೊಂದು ಹಟ — ರೋಗಿಯೂ ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರೂ ವಾರ್ಡಿನಲ್ಲೇ ಒಮ್ಮೆ ಜಗಳ ಆಡಿರಬೇಕು. ಗಾಯ ಒಣಗಿರಲಿ, ಔಷಧಿ ಚೀಟಿ ಕೈಗೆ ಬಂದಿರಲಿ, ಗಾಡಿ ಬಾಗಿಲಲ್ಲಿ ನಿಂತಿರಲಿ — ಜಗಳ ಆಗದೆ ಡಿಸ್ಚಾರ್ಜ್ ಇಲ್ಲ. ಇಲ್ಲ ಅಂದರೆ ಇಲ್ಲ.

ಒಬ್ಬ ಟೈಲರ್ ತಾತ ಬಂದಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಗ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ, ನೋಡಿಕೊಳ್ಳಬೇಕಾದವಳು ಸೊಸೆ. ಇಬ್ಬರದೂ ಎಂಥ ಮರ್ಯಾದೆ ಅಂತೀರಿ — ಸೊಸೆ ಎಲ್ಲದಕ್ಕೂ ಆಗಲಿ ಮಾವ ಅನ್ನುತ್ತಾಳೆ, ಮಾವ ಎಲ್ಲದಕ್ಕೂ ಬೇಡಮ್ಮ ಅನ್ನುತ್ತಾರೆ. ನನಗಂತೂ ನೋಡಿ ಹಿತವಾಯಿತು. ಸಿಸ್ಟರ್ ನನ್ನ ಕಿವಿಯ ಹತ್ತಿರ ಬಂದು, "ಇಷ್ಟು ಮರ್ಯಾದೆ ಒಳ್ಳೇದಲ್ಲ ಕಣಪ್ಪ. ಮನೇಲಿ ಇವರು ಯಾರನ್ನೂ ಕರೆಯಲ್ಲ, ಒಬ್ರೇ ಬಚ್ಚಲಿಗೆ ಹೋಗಿ ಬೀಳ್ತಾರೆ" ಅಂದರು. ಇನ್ನೊಮ್ಮೆ ಬಿದ್ದರೆ ಆ ತಾತ ಮತ್ತೆ ಏಳುವುದು ಕಷ್ಟ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಮೇಲೆ ಶುರು. ಮಾವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸು ಎಂದು ಸೊಸೆಗೆ ಹೇಳಿದರು. ತಾತ ಅವಳ ಕೈ ಸರಿಸಿ ವಾಕರ್ ಎಳೆದುಕೊಂಡರು — ಹೀಗೆ — ಕಾಲು ಜಾರಿತು. ನಾನು ಹಿಡಿದುಕೊಂಡೆ. ಅಲ್ಲಿಗೆ ಸೊಸೆಯ ತಾಳ್ಮೆ ಮುಗಿಯಿತು.

"ಮಾವ, ನೀವು ಬಿದ್ರೆ ಎತ್ತೋಳು ನಾನೇ ತಾನೇ? ಕರೆದ್ರೆ ನಿಮ್ಮ ಗಂಟೇನು ಹೋಗುತ್ತೆ?"

ತಾತನ ಮುಖ ಕೆಂಪಾಯಿತು. "ನಿನ್ನ ಕೈಲಿ ಅದನ್ನೆಲ್ಲ ಮಾಡಿಸ್ಕೊಳ್ಳೋಕೆ ನಂಗೆ ನಾಚಿಕೆ ಆಗುತ್ತೆ ಕಣಮ್ಮ."

ಸಿಸ್ಟರ್ ಸ್ಟೂಲ್ ಎಳೆದುಕೊಂಡು ಆರಾಮಾಗಿ ಕುಳಿತರು. ಇನ್ನೇನಿದೆಯೋ ಎಲ್ಲ ಇಲ್ಲೇ ಆಡಿ ಮುಗಿಸಿ ಅಂದರು. ಮುಗಿಸಿದರು — ಇಡೀ ವಾರ್ಡಿಗೆ ಕೇಳುವಂತೆ. ಕೊನೆಗೊಂದು ಒಪ್ಪಂದವೂ ಆಯಿತು. ಸ್ನಾನ ಮಾಡಿಸಲು ಪಕ್ಕದ ಮನೆಯ ಗೆಳೆಯ. ಏಳಲು, ನಡೆಯಲು ಸೊಸೆಯ ಕೈ. ಬಚ್ಚಲಲ್ಲಿ ಕೂರಿಸಿದ ಮೇಲೆ ಅವಳು ಬಾಗಿಲಾಚೆ ನಿಲ್ಲಬೇಕು, ಕರೆದರೆ ಮಾತ್ರ ಒಳಗೆ ಬರಬೇಕು. ಮಾರನೆಯ ದಿನ ಸಿಸ್ಟರ್ ಅವರೇ ಗೇಟಿನವರೆಗೆ ಹೋಗಿ ಇಬ್ಬರನ್ನೂ ಕಳಿಸಿ ಬಂದರು.

ಅಂಥವರು ಇನ್ನಿಲ್ಲ. ಅವರಿಲ್ಲದ ಆ ವಾರ್ಡಿಗೆ ಕಾಲಿಡಲು ನನಗೆ ಮನಸ್ಸಾಗುತ್ತಿಲ್ಲ — ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ನಾಳೆ ಡ್ಯೂಟಿಗೆ ಹೋಗಿ ಯಾರ ಜೊತೆ ವಾದ ಮಾಡಲಿ?

ಈಗ ಎಲ್ಲರೂ ದಯವಿಟ್ಟು ಎದ್ದು ನಿಂತು ಮೌನವಾಗಿ ಅವರನ್ನು ನೆನೆಯೋಣ. — ಒಂದು ನಿಮಿಷ. ಅಲ್ಲಿ ಗೋಡೆ ಪಕ್ಕದ ಕುರ್ಚಿಯಲ್ಲಿ ಇರುವವರು ಆ ಟೈಲರ್ ತಾತನೇ. ತಾತ, ನೀವು ಕೂತೇ ಇರಿ, ಸಿಸ್ಟರ್ ಏನೂ ಅಂದುಕೊಳ್ಳುವುದಿಲ್ಲ.

— ಕೂತಿರಲು ಆಗುವುದಿಲ್ಲವಂತೆ. ಕೇಳಿಸಿತೇ? ಸೊಸೆಗೆ ಹೇಳುತ್ತಿದ್ದಾರೆ — "ಕೈ ಕೊಡಮ್ಮ."

ಅವಸರವಿಲ್ಲ. ತಾತ ಪೂರ್ತಿ ಎದ್ದು ನಿಲ್ಲಲಿ. ಆಮೇಲೆ ಮೌನ ಶುರು ಮಾಡೋಣ.