ಅಡುಗೆಮನೆಯ ಕೆಟಲಿನಿಂದ ಉತ್ತರ ಬಂದ ಬಗ್ಗೆ

ಹೆಸರು: ವಿಜಯಲಕ್ಷ್ಮೀ ಗಂಡ ಸಿದ್ದಲಿಂಗೇಶ ಮಠಪತಿ. ವಯಸ್ಸು: 41 ವರ್ಷ. ಉದ್ಯೋಗ: ತಿಕೋಟಾದಲ್ಲಿ ಸ್ವಂತ ಹೊಲಿಗೆ ಅಂಗಡಿ. ವಾಸ: ಅಥಣಿ ರಸ್ತೆಯ ಹೊಸ ಬಡಾವಣೆ, ವಿಜಯಪುರ.

ನಾನು ಈ ದಿನ ಠಾಣೆಗೆ ಹಾಜರಾಗಿ ಹೇಳಿ ಬರೆಸುತ್ತಿರುವುದು ಹೀಗಿದೆ. ನಿನ್ನೆ ದಿನಾಂಕ 18-02-2025 ಮಂಗಳವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕಳವು ನಡೆಯುತ್ತಿದ್ದಾಗ ನಾನು ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ತಿಕೋಟಾದಲ್ಲಿದ್ದೆ. ಅಲ್ಲಿ ಕುಳಿತವಳಿಗೆ ಇಲ್ಲಿನ ಅಡುಗೆಮನೆಯಲ್ಲಿ ಏನೋ ಆಗಿದೆ ಎಂದು ಹೇಗೆ ತಿಳಿಯಿತು ಎಂದು ಹವಾಲ್ದಾರ ಗೊಲ್ಲಾಳಪ್ಪ ಅವರು ಕೇಳಿದ್ದರಿಂದ ಮೊದಲಿನಿಂದ ಹೇಳುತ್ತಿದ್ದೇನೆ.

ಮನೆಯಲ್ಲಿ ನಾನು, ನನ್ನ ಗಂಡ ಮತ್ತು ನನ್ನ ಅತ್ತೆ ಗುರುಸಿದ್ದವ್ವ, ವಯಸ್ಸು 70, ಹೀಗೆ ಮೂವರು ಇರುತ್ತೇವೆ. ಗಂಡ ಒಣದ್ರಾಕ್ಷಿ ವ್ಯಾಪಾರ ಮಾಡುತ್ತಾರೆ. ಈಗ ಹಂಗಾಮು ಆದ್ದರಿಂದ ದಿನವೂ ಬಬಲೇಶ್ವರದ ಕಡೆಯ ಹಳ್ಳಿಗಳಿಗೆ ಹೋಗುತ್ತಾರೆ. ಹಗಲಿನಲ್ಲಿ ಮನೆಯಲ್ಲಿ ಅತ್ತೆ ಒಬ್ಬರೇ.

ದೀಪಾವಳಿಯ ನಂತರ ಅತ್ತೆ ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿ ಮರೆತರು. ಪಾತ್ರೆ ಸುಟ್ಟು ಮನೆ ತುಂಬ ಹೊಗೆಯಾಯಿತು. ಆಗ ನನ್ನ ಗಂಡ ಒಂದು ವಿದ್ಯುತ್ ಕೆಟಲ್ ತಂದರು. ಅದನ್ನು ಮನೆಯ ವೈಫೈಗೆ ಜೋಡಿಸಿದರೆ ಎಲ್ಲಿಂದಲಾದರೂ ಫೋನಿನಲ್ಲಿ ಒತ್ತಿ ಹಚ್ಚಬಹುದು, ಆರಿಸಬಹುದು. ಹತ್ತಿದಾಗ ಕೆಟಲಿನಲ್ಲಿ ನೀಲಿ ದೀಪ ಕಾಣುತ್ತದೆ, ಟಿಂಗ್ ಎಂದು ಸಣ್ಣ ಸದ್ದೂ ಬರುತ್ತದೆ. ಒಳಗಿನ ನೀರು ಎಷ್ಟು ಬಿಸಿಯಿದೆ ಎಂಬುದು ನನ್ನ ಫೋನಿನಲ್ಲಿ ತೋರಿಸುತ್ತದೆ. ಕೆಟಲಿನ ಮೇಲಿನ ಗುಂಡಿಯನ್ನು ಕೈಯಿಂದ ಒತ್ತಿದರೂ ಫೋನಿಗೆ ತಿಳಿಯುತ್ತದೆ. ನಾನು ಸಂಜೆ ಅಂಗಡಿ ಮುಚ್ಚುವ ಮೊದಲು ಫೋನಿನಲ್ಲಿ ಒತ್ತುತ್ತಿದ್ದೆ. ಅತ್ತೆ ಆ ಬಿಸಿನೀರನ್ನು ಬಕೆಟಿಗೆ ಸುರಿದುಕೊಂಡು ಕಾಲು ಅದ್ದಿ ಕೂರುತ್ತಿದ್ದರು. ಅವರಿಗೆ ಮೊಣಕಾಲು ನೋವಿದೆ.

ಮೊದಲ ದಿನ ಕೆಟಲ್ ತಾನಾಗಿ ಹತ್ತಿದ್ದನ್ನು ನೋಡಿ ಅತ್ತೆ ನನಗೆ ಫೋನ್ ಮಾಡಿ, "ನೀ ತಿಕೋಟಾದಾಗ ಒತ್ತಿದ್ದು ಇದಕ್ಕ ಹ್ಯಾಂಗ ಕೇಳಿಸ್ತಬೇ? ನಡುವ ಎಷ್ಟು ಊರು ಅದಾವು, ಅವರ ಮನಿ ಕಿಟ್ಲಿ ಯಾಕ ಹತ್ತಲಿಲ್ಲ?" ಎಂದು ಕೇಳಿದ್ದರು. ಅದು ನಮ್ಮ ಮನೆಯವರ ಮಾತನ್ನಷ್ಟೇ ಕೇಳುತ್ತದೆ ಎಂದು ಹೇಳಿದ್ದೆ.

ಜನವರಿಯಲ್ಲಿ ಕೆಲವು ದಿನ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಕೆಟಲ್ ಹತ್ತಿದೆ ಎಂದು ನನ್ನ ಫೋನಿಗೆ ಸೂಚನೆ ಬರತೊಡಗಿತು. ಆ ಹೊತ್ತಿಗೆ ಅತ್ತೆ ಮಲಗಿರುತ್ತಾರೆ. ಕೇಳಿದರೆ ತಾವು ಮುಟ್ಟಿಲ್ಲ ಎಂದು ಹೇಳಿದರು. ನನಗೆ ಇದೇನೆಂದು ತಿಳಿಯದೆ ಒಂದು ದಿನ ಬೇಗ ಅಂಗಡಿ ಮುಚ್ಚಿ ಹೇಳದೆ ಮನೆಗೆ ಬಂದೆ. ಅತ್ತೆ ಮತ್ತು ಪಕ್ಕದ ಮನೆಯ ಮುಮತಾಜ ಇಬ್ಬರೂ ಕೆಟಲಿನ ಮುಂದೆ ಕುಳಿತಿದ್ದರು. ಅತ್ತೆ ಗುಂಡಿ ಒತ್ತುವುದು, ಮುಮತಾಜ ನಗುವುದು ನಡೆದಿತ್ತು. ನಾನು ಕೇಳಿದ್ದಕ್ಕೆ ಅತ್ತೆ, "ನಾ ಇಲ್ಲಿ ಒತ್ತಿದ್ದು ನಿನಗ ಅಲ್ಲಿ ಖರೇನ ಗೊತ್ತಾಕ್ಕೈತೋ ಇಲ್ಲೋ ನೋಡಬೇಕಾಗಿತ್ತು. ಅದಕ್ಕ ಸುಳ್ಳು ಹೇಳಿದ್ನಿ. ನೀ ದಿನಾ ಕೇಳಿದಿ, ಅಂದ್ರ ಗೊತ್ತಾಕ್ಕೈತಿ" ಎಂದು ಹೇಳಿದರು.

ಆದರೆ ಅದೇ ಸಂಜೆ ಅವರಿಗೆ ಬೇಸರವಾಯಿತು. ತಾವು ಅಡುಗೆಮನೆಯಲ್ಲಿ ಯಾವಾಗ ಇರುತ್ತೇವೆ, ಯಾವಾಗ ಇಲ್ಲ ಎಂಬುದೆಲ್ಲ ಸೊಸೆಯ ಫೋನಿಗೆ ಗೊತ್ತಾಗುತ್ತದೆ ಎಂದರೆ ತಮ್ಮನ್ನು ಕಾವಲು ಕಾದಂತೆ ಅಲ್ಲವೇ ಎಂದು ಕೇಳಿದರು. ಎರಡು ದಿನ ಕೆಟಲಿನ ಮೇಲೆ ಟವೆಲ್ ಮುಚ್ಚಿಟ್ಟಿದ್ದರು. ಅವರ ಮಾತಿನಲ್ಲಿ ತಪ್ಪಿಲ್ಲ ಎನಿಸಿ, ನಾನು ಅವರ ಎದುರಿಗೇ ಫೋನಿನಲ್ಲಿ ಕೆಟಲಿನ ಸೂಚನೆಗಳನ್ನು ಬಂದ್ ಮಾಡಿದೆ. ಸಂಜೆ ನೀರು ಕಾಯಿಸುವುದಕ್ಕೆ ಮಾತ್ರ ತೆರೆದು ನೋಡುತ್ತೇನೆ ಎಂದು ಮಾತು ಕೊಟ್ಟೆ. ಅಂದಿನಿಂದ ಹಾಗೆಯೇ ನಡೆದುಕೊಂಡಿದ್ದೇನೆ.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಗಂಡ ಬಬಲೇಶ್ವರಕ್ಕೆ ಹೋದರು. ನಾನು ಒಂಬತ್ತೂವರೆಯ ಬಸ್ಸಿಗೆ ತಿಕೋಟಾಕ್ಕೆ ಹೋದೆ. ನಿಡೋಣಿಯ ಒಂದು ಮದುವೆಯ ಜಂಪರುಗಳು ಸಂಜೆಯೊಳಗೆ ಮುಗಿಯಬೇಕಿತ್ತು. ಮಧ್ಯಾಹ್ನ ಊಟಕ್ಕೂ ಏಳದೆ ಕೆಲಸ ಮಾಡುತ್ತಿದ್ದೆ. ಸಂಜೆ ತಡವಾಗಬಹುದು, ನೀರು ಈಗಲೇ ಕಾಯಿಸಿ ಅತ್ತೆಗೆ ಹೇಳೋಣ ಎಂದು ಮೂರೂ ಇಪ್ಪತ್ತರ ಸುಮಾರಿಗೆ ಫೋನ್ ತೆರೆದೆ. ನಾನು ಒತ್ತುವ ಮೊದಲೇ ಕೆಟಲ್ ಹತ್ತಿತ್ತು. ನೋಡುತ್ತಿದ್ದಂತೆ ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು.

ಗುಂಡಿ ಕೆಟ್ಟಿದೆ ಎಂದುಕೊಂಡೆ. ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇರುವುದರಿಂದ ಹೆದರಿಕೆಯಾಗಿ ಹತ್ತಿದೊಡನೆ ಫೋನಿನಿಂದ ಆರಿಸಿದೆ. ತಕ್ಷಣ ಹತ್ತಿತು. ಇನ್ನೊಮ್ಮೆ ಆರಿಸಿದೆ. ಮತ್ತೆ ಹತ್ತಿತು. ಅತ್ತೆಗೆ ಫೋನ್ ಮಾಡಿದರೆ ರಿಂಗ್ ಆಗಿ ನಿಂತಿತು, ಎತ್ತಲಿಲ್ಲ. ಎರಡನೆಯ ಸಲ ಮಾಡಿದಾಗ ಸ್ವಿಚ್ ಆಫ್ ಎಂದು ಬಂತು. ಆಗ ಕೆಟಲಿನ ನೀರಿನ ಬಿಸಿಯನ್ನು ನೋಡಿದೆ. ತೊಂಬತ್ತರ ಮೇಲಿದ್ದದ್ದು ಒಮ್ಮೆಲೇ ಐವತ್ತಕ್ಕೆ ಇಳಿಯಿತು.

ಇದು ನನಗೆ ವಿಚಿತ್ರ ಎನಿಸಿತು. ಕೆಟ್ಟ ಮಷೀನು ತಾನಾಗಿ ಹತ್ತಬಹುದು, ಆರಬಹುದು. ತಾನಾಗಿ ತಣ್ಣೀರು ಸುರಿದುಕೊಳ್ಳಲಾರದು. ಯಾರೋ ಕೆಟಲಿನ ಬಳಿ ನಿಂತಿದ್ದಾರೆ. ಅತ್ತೆಯೇ ಆಗಿದ್ದರೆ ಫೋನ್ ಯಾಕೆ ಎತ್ತಲಿಲ್ಲ? ಬೇರೆಯವರಾಗಿದ್ದರೆ ಕೆಟಲನ್ನು ಯಾಕೆ ಹೀಗೆ ಆಡಿಸುತ್ತಾರೆ? ಅಂಗಡಿಯಲ್ಲಿದ್ದ ಸಹಾಯಕಿ ಶೈಲಾಗೆ ತೋರಿಸಿದೆ. ಅವಳು, "ಅಕ್ಕಾರ, ಒತ್ತಬ್ಯಾಡ್ರಿ. ಸುಮ್ಮ ಬಿಟ್ಟು ನೋಡ್ರಿ, ಏನ ಮಾಡ್ತೈತಿ" ಎಂದಳು. ಇಬ್ಬರೂ ಸುಮ್ಮನೆ ನೋಡುತ್ತ ಕುಳಿತೆವು. ಕೆಟಲ್ ಹತ್ತಿಯೇ ಇತ್ತು, ಆರಲಿಲ್ಲ. ನಾನು ಆರಿಸಿದೆ. ಕೂಡಲೇ ಹತ್ತಿತು.

ಆಮೇಲೆ ನಾನು ಅದನ್ನು ಆರಿಸಿ, ನಾನೇ ಮೂರು ಸಲ ಹಚ್ಚಿ ಮೂರು ಸಲ ಆರಿಸಿ, ಫೋನನ್ನು ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಂತರ ಕೆಟಲ್ ತಡೆದು ತಡೆದು ಮೂರು ಸಲ ಹತ್ತಿ ಆರಿತು. ಶೈಲಾ ಕತ್ತರಿ ಕೆಳಗಿಟ್ಟು, "ನಿಮ್ಮತ್ತಿನ ಅದಾರ್ರಿ" ಎಂದಳು. ನನಗೂ ಹಾಗೆಯೇ ಅನಿಸಿತು. ಮಾತನಾಡಲಾಗದ ಸ್ಥಿತಿಯಲ್ಲಿ ಅವರು ನನ್ನನ್ನು ಕರೆಯುತ್ತಿದ್ದಾರೆ ಎಂದು ಅರ್ಥವಾಯಿತು.

ನಾನು ಶೈಲಾಗೆ 112ಕ್ಕೆ ಫೋನ್ ಮಾಡಿ ವಿಳಾಸ ಹೇಳಲು ತಿಳಿಸಿದೆ. ಬಸ್ ಸ್ಟ್ಯಾಂಡ್ ಕಡೆಗೆ ಓಡುತ್ತ ಮುಮತಾಜಗೆ ಫೋನ್ ಮಾಡಿದೆ. ಅವಳ ಗಂಡ ಅಬ್ದುಲಸಮದ ಗೂಡ್ಸ್ ಟೆಂಪೋ ಓಡಿಸುತ್ತಾನೆ. ನಿನ್ನೆ ಊಟಕ್ಕೆಂದು ಬಂದು ಮನೆಯಲ್ಲೇ ಇದ್ದನು. ಮುಮತಾಜ ಕಿಟಕಿಯಿಂದ ನೋಡಿ, ನಮ್ಮ ಬಾಗಿಲು ಮುಚ್ಚಿದೆ, ಗೇಟಿನ ಒಳಗೆ ಗುರುತಿಲ್ಲದ ಒಂದು ಮೋಟಾರ್ ಸೈಕಲ್ ನಿಂತಿದೆ ಎಂದು ತಿಳಿಸಿದಳು. ಒಳಗೆ ಹೋಗಬೇಡಿರಿ, ಪೊಲೀಸರು ಬರುತ್ತಿದ್ದಾರೆ ಎಂದು ನಾನು ಹೇಳಿದೆ. ಅವಳು, "ಪೊಲೀಸರು ಬರೋತನಕ ಅಜ್ಜಿಗ ಏನರ ಆದ್ರ ಹ್ಯಾಂಗ್ರಿ ಅಕ್ಕಾರ? ನೀವು ಫೋನ್ ಇಡ್ರಿ" ಎಂದು ಕಟ್ ಮಾಡಿದಳು.

ತಿಕೋಟಾದಿಂದ ಹೊರಟ ಬಸ್ಸಿನಲ್ಲಿ ನನಗೆ ಕೂರಲು ಜಾಗವಿತ್ತು, ಕೂರಲಿಲ್ಲ. ನಿಂತುಕೊಂಡೇ ಕೆಟಲನ್ನು ಹಚ್ಚುತ್ತಿದ್ದೆ. ಪ್ರತಿ ಸಲವೂ ಆ ಕಡೆಯಿಂದ ಆರುತ್ತಿತ್ತು. ಕಂಡಕ್ಟರ್ ಟಿಕೆಟ್ ಕೇಳಿದ್ದು ನನಗೆ ಕೇಳಿಸಿರಲಿಲ್ಲ. ಏನು ಆಟ ಆಡಾಕತ್ತೀರಿ ಎಂದು ಅವರು ಕೇಳಿದರು. ನಮ್ಮತ್ತಿ ಜೋಡಿ ಮಾತಾಡಾಕತ್ತೇನ್ರಿ ಎಂದು ಹೇಳಿದೆ. ಅವರು ನನ್ನ ಮುಖ ನೋಡಿ ಮುಂದೆ ಹೋದರು. ಅರ್ಧ ದಾರಿ ದಾಟಿದ ನಂತರ ನಾನು ಹಚ್ಚಿದಾಗ ಕೆಟಲ್ ಹತ್ತಿಯೇ ಉಳಿಯಿತು. ಆರಲಿಲ್ಲ. ನಾನೇ ಆರಿಸಿ ಮತ್ತೆ ಹಚ್ಚಿದೆ. ಆಗಲೂ ಉತ್ತರವಿರಲಿಲ್ಲ. ಮುಮತಾಜಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆ ಹೊತ್ತು ಎಷ್ಟು ಉದ್ದವಿತ್ತು ಎಂದು ಹೇಳಲು ನನಗೆ ಬರುವುದಿಲ್ಲ.

ನಂತರ ಮುಮತಾಜಳೇ ಫೋನ್ ಮಾಡಿ, "ಅಜ್ಜಿ ಹೊರಗ ಬಂದಾಳ್ರಿ. ಆರಾಮ ಅದಾಳ್ರಿ. ನೀವು ಅಳಬ್ಯಾಡ್ರಿ" ಎಂದಳು. ನಾನು ಅಳುತ್ತಿದ್ದೇನೆ ಎಂದು ನನಗೆ ಆಗ ಗೊತ್ತಾಯಿತು.

ಅಷ್ಟರೊಳಗೆ ಮನೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಅತ್ತೆ, ಮುಮತಾಜ ಮತ್ತು ಅಬ್ದುಲಸಮದ ಹೇಳಿದ್ದರಿಂದ ತಿಳಿದದ್ದು ಇಷ್ಟು. ಮಧ್ಯಾಹ್ನ ಮೂರರ ಸುಮಾರಿಗೆ ಇಬ್ಬರು ಗಂಡಸರು ಬಂದು, ತಾವು ಗ್ಯಾಸ್ ಪೈಪು ಪರೀಕ್ಷೆ ಮಾಡುವವರು ಎಂದು ಹೇಳಿ ಒಳಗೆ ಬಂದರು. ಒಬ್ಬನು ಅತ್ತೆಯ ಕೊರಳಿನ ಬಂಗಾರದ ಬೋರಮಾಳ ಸರವನ್ನು ಕಿತ್ತುಕೊಂಡನು. ಕೂಗಿದರೆ ಜೀವ ತೆಗೆಯುವುದಾಗಿ ಹೆದರಿಸಿ, ಅತ್ತೆಯನ್ನು ಅಡುಗೆಮನೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ಅತ್ತೆಯ ಫೋನ್ ಪಡಸಾಲೆಯಲ್ಲಿತ್ತು. ಅಡುಗೆಮನೆಯ ಕಿಟಕಿಯ ಆಚೆ ಖಾಲಿ ಪ್ಲಾಟು, ಅಲ್ಲಿ ಯಾರೂ ಇರುವುದಿಲ್ಲ. ಆ ಇಬ್ಬರು ಗಂಡಸರು ನಮ್ಮ ಮಲಗುವ ಕೋಣೆಯ ತಿಜೋರಿ ಒಡೆಯತೊಡಗಿದರು. ಅತ್ತೆ ಕೆಟಲನ್ನು ನೆಲಕ್ಕೆ ಇಳಿಸಿ, ಸದ್ದು ಹೊರಗೆ ಕೇಳಬಾರದೆಂದು ಸೆರಗಿನಲ್ಲಿ ಸುತ್ತಿ, ಸೂಚನೆ ಬಂದ್ ಇದ್ದರೂ ಸಂಜೆಯೊಳಗೆ ನಾನು ಫೋನ್ ತೆರೆದು ನೋಡಿಯೇ ನೋಡುತ್ತೇನೆ ಎಂದು ನಂಬಿ, ಪಕ್ಕದಲ್ಲಿ ಕುಳಿತು ಗುಂಡಿ ಒತ್ತತೊಡಗಿದರು. ನೀರು ಕುದಿದ ಮೇಲೆ ಗುಂಡಿ ಒತ್ತಿದರೂ ಕೆಟಲ್ ಹತ್ತಿ ಉಳಿಯದೆ ತಾನಾಗಿ ಆರುತ್ತಿತ್ತು. ಅದಕ್ಕೆ ಕೊಡದ ತಣ್ಣೀರನ್ನು ಸುರಿದರು.

ಅಬ್ದುಲಸಮದ ತನ್ನ ಟೆಂಪೋವನ್ನು ತಂದು ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿದನು. ಮುಮತಾಜ ಬಾಗಿಲು ಬಡಿದಾಗ ಒಬ್ಬನು ತೆರೆದು, ಅಜ್ಜಿ ಒಳಗೆ ಮಲಗಿದ್ದಾರೆ, ತಾವು ಗ್ಯಾಸ್ ನೋಡಲು ಬಂದವರು ಎಂದನು. ಆಗ ಅವಳು, "ಚಲೋ ಆತು ಬಂದ್ರಿ. ನಮ್ಮನಿ ಸಿಲಿಂಡರ ಎರಡು ದಿನದಿಂದ ವಾಸನಿ ಹೊಡ್ಯಾಕತ್ತೈತಿ. ಮೊದ್ಲ ಅದನ್ನ ನೋಡ್ರಿ, ಇಲ್ಲಾಂದ್ರ ನಾ ಓಣಿ ಮಂದೀನೆಲ್ಲ ಕರೀತೇನಿ" ಎಂದಳು. ಮಂದಿ ಕೂಡಿದರೆ ಕಷ್ಟವೆಂದು ಅವನು ಅವಳ ಹಿಂದೆ ಹೋದನು. ಅವಳ ಅಡುಗೆಮನೆಯಲ್ಲಿ ಅವನು ಸಿಲಿಂಡರಿಗೆ ಬಗ್ಗಿದಾಗ ಅವಳು ಹೊರಗೆ ಬಂದು ಚಿಲಕ ಹಾಕಿದಳು. ಅಬ್ದುಲಸಮದ ನಮ್ಮ ಮನೆಯೊಳಗೆ ಹೋಗುವಷ್ಟರಲ್ಲಿ ಇನ್ನೊಬ್ಬನು ಹಿತ್ತಲ ಗೋಡೆ ಹಾರಿ ಓಡಿದನು. ಅಬ್ದುಲಸಮದನೇ ಚಿಲಕ ತೆಗೆದು ಅತ್ತೆಯನ್ನು ಹೊರಗೆ ಕರೆತಂದನು. ಆಮೇಲೆ ಪೊಲೀಸ್ ವಾಹನ ಬಂತು. ಸಿಕ್ಕವನ ಹೆಸರು ದಶರಥ ಎಂದು ಠಾಣೆಯಲ್ಲಿ ತಿಳಿಯಿತು. ಅವನನ್ನು ನಾನು ಮೊದಲು ನೋಡಿಲ್ಲ. ತಿಜೋರಿ ಬಾಗಿದೆ, ತೆರೆದಿಲ್ಲ. ಬೋರಮಾಳ ಓಡಿಹೋದವನ ಬಳಿ ಇದೆ. ಅದನ್ನು ಹುಡುಕಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಮನೆ ಮುಟ್ಟಿದಾಗ ಅತ್ತೆ ಮುಮತಾಜಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದರು. ಕೊರಳಿನಲ್ಲಿ ಕೆಂಪು ಗೆರೆ ಎದ್ದಿತ್ತು. ನಾನು ಕಾಲು ಹಿಡಿದು, ಒಬ್ಬರನ್ನೇ ಬಿಟ್ಟು ಹೋದೆ ಎಂದು ಹೇಳಲು ಹೋದಾಗ ಅವರು ನನ್ನ ಬಾಯಿಗೆ ಕೈ ಅಡ್ಡ ಇಟ್ಟರು.

"ಮೊದಲು ಎರಡ ಸಲ ಆರಿದಾಗ ಕಿಟ್ಲಿ ಕೆಟ್ಟೈತಿ ಅಂದ್ಕೊಂಡು ನನ್ನ ಎದಿ ಒಡೀತು ನೋಡಬೇ. ಆಮ್ಯಾಲ ನಾ ಮುಟ್ಟಲಾರದ ದೀಪ ಹತ್ತಿತು, ಮೂರು ಸಲ. ವಿಜಿ ಬಂದ್ಲು ಅಂದ್ನಿ. ಅವರು ಆ ಕಡೆ ತಿಜೋರಿ ಕುಟ್ಟಾಕತ್ತಿದ್ರು, ಕುಟ್ಟಲಿ ಅಂದ್ನಿ. ನೀ ಹಚ್ಚತಿದ್ದಿ, ನಾ ಆರಸ್ತಿದ್ನಿ. ಒಬ್ಬಾಕಿ ಅದೇನಿ ಅಂತ ನನಗ ಅನಸಲೇ ಇಲ್ಲ" ಎಂದು ಅವರು ಹೇಳಿದರು. ಈ ಮಾತು ತನಿಖೆಗೆ ಬೇಕೋ ಬೇಡವೋ ನನಗೆ ತಿಳಿಯದು. ಬಿಡದೆ ಬರೆದುಕೊಳ್ಳಬೇಕೆಂದು ನಾನೇ ಕೇಳಿ ಬರೆಸಿದ್ದೇನೆ.

ಇಲ್ಲಿಯವರೆಗೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಕೂಡಿಸಿದ್ದೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ವಿಜಯಪುರ
ದಿನಾಂಕ: 19-02-2025

(ಸಹಿ)
ವಿಜಯಲಕ್ಷ್ಮೀ ಸಿ. ಮಠಪತಿ